ಅಲರ್ಜಿ ಪ್ರಾಣಕ್ಕೆ ಎರವಾಗುವ ಮುನ್ನ

'ಅಲರ್ಜಿ' ಎಂಬ ಪದ ಈಗ ಕನ್ನಡದ್ದೇ ಎನ್ನುವಷ್ಟು ಬಳಕೆಯಲ್ಲಿದೆ. ಬೆಳಿಗ್ಗೆ ಎದ್ದೊಡನೆ ನಾಲ್ಕು ಸೀನು ಬಂದರೆ ಅಲರ್ಜಿ, ಬದನೆಕಾಯಿ ತಿಂದು ಮೈ ತುರಿಸಿದರೆ ಅಲರ್ಜಿ, ಕೊನೆಗೆ ಆಗದವರ ಮುಖ ಕಂಡರೂ 'ನನಗೆ ಅಲರ್ಜಿ' ಎನ್ನುವವರಿದ್ದಾರೆ. ಇಂಥ ಅಲರ್ಜಿಗಳಲ್ಲಿ ಹೆಚ್ಚಿನವು ಕಿರಿಕಿರಿ ಮಾಡುತ್ತವೆಯೇ ಹೊರತು ಪ್ರಾಣ ತೆಗೆಯುವುದಿಲ್ಲ. ಒಂದು ಮಾತ್ರೆ ನುಂಗಿ ಮಲಗಿದರೆ ಮರುದಿನಕ್ಕೆ ಸರಿಹೋಗುತ್ತವೆ. ಆದ್ದರಿಂದಲೇ ನಮಗೆ ಅಲರ್ಜಿಯೆಂದರೆ ಒಂದು ಬಗೆಯ ಸಲುಗೆ.

ಆದರೆ ಇದೇ ಅಲರ್ಜಿ ಒಮ್ಮೊಮ್ಮೆ ಕೆಲವೇ ನಿಮಿಷಗಳಲ್ಲಿ ಇಡೀ ದೇಹವನ್ನು ಆವರಿಸಿ, ಉಸಿರು ಕಟ್ಟಿಸಿ, ರಕ್ತದೊತ್ತಡವನ್ನು ಕುಸಿಯುವಂತೆ ಮಾಡುತ್ತದೆ. ಇದಕ್ಕೆ ವೈದ್ಯರು 'ಅನಾಫೈಲಾಕ್ಸಿಸ್' ಎನ್ನುತ್ತಾರೆ. ಈ ಹೆಸರು ನಿಮ್ಮ ನಾಲಿಗೆಗೆ ಒಗ್ಗದಿದ್ದರೆ ಬಿಡಿ. ಅದರ ಲಕ್ಷಣಗಳು ಮತ್ತು ಅದಕ್ಕಿರುವ ಔಷಧದ ಹೆಸರು, ಇವೆರಡು ಮಾತ್ರ ಪ್ರತಿ ಮನೆಯಲ್ಲೂ ಗೊತ್ತಿರಬೇಕು. ಔಷಧದ ಹೆಸರು ಅಡ್ರಿನಲಿನ್.

ಅನಾಫೈಲಾಕ್ಸಿಸ್ ಎಂಬ ಹೆಸರಿನ ಹಿಂದೆ ಒಂದು ಕತೆಯಿದೆ. 1901ರಲ್ಲಿ ಮೊನಾಕೊದ ದೊರೆ ಒಂದನೆಯ ಆಲ್ಬರ್ಟ್ ತನ್ನ ಹಡಗಿನಲ್ಲಿ ಶಾರ್ಲ್ ರಿಶೆ ಮತ್ತು ಪಾಲ್ ಪೋರ್ತಿಯೆ ಎಂಬ ಇಬ್ಬರು ಫ್ರೆಂಚ್ ವಿಜ್ಞಾನಿಗಳನ್ನು ಕಡಲಯಾನಕ್ಕೆ ಕರೆದೊಯ್ದ. ಕಡಲಿನಲ್ಲಿ ತೇಲುವ, ಮೈಗೆ ತಗುಲಿದರೆ ಬೆಂಕಿಯಂತೆ ಉರಿಯುವ ಲೋಳೆಮೀನಿನಂಥ ಜೀವಿಯ ವಿಷವನ್ನು ಅವರು ಅಲ್ಲಿ ಅಭ್ಯಾಸ ಮಾಡಿದರು. ಪ್ಯಾರಿಸ್ಸಿಗೆ ಮರಳಿದ ಮೇಲೆ ಇನ್ನೊಂದು ಕಡಲಜೀವಿಯ ವಿಷವನ್ನು ಅತಿ ಸಣ್ಣ ಪ್ರಮಾಣದಲ್ಲಿ ನಾಯಿಗಳಿಗೆ ಚುಚ್ಚಿದರು. ಲಸಿಕೆ ಹಾಕಿದ ಹಾಗೆ ಇದರಿಂದ ನಾಯಿಗಳಿಗೆ ವಿಷ ತಡೆಯುವ ಶಕ್ತಿ ಬಂದೀತು ಎಂಬುದು ಅವರ ಎಣಿಕೆ. ಆದದ್ದು ತದ್ವಿರುದ್ಧ. ಮೊದಲ ಸಲ ವಿಷವನ್ನು ತಡೆದುಕೊಂಡಿದ್ದ ನೆಪ್ಚೂನ್ ಎಂಬ ಗಟ್ಟಿಮುಟ್ಟಾದ ನಾಯಿಗೆ ಕೆಲವು ವಾರಗಳ ನಂತರ ಅದನ್ನೇ ಮತ್ತೆ ಕೊಟ್ಟಾಗ, ಅದು ಉಸಿರಿಗಾಗಿ ಒದ್ದಾಡಿ, ವಾಂತಿ ಮಾಡಿಕೊಂಡು ಅರ್ಧ ಗಂಟೆಯೊಳಗೆ ಸತ್ತಿತು. ಗ್ರೀಕ್ ಭಾಷೆಯಲ್ಲಿ 'ಫೈಲಾಕ್ಸಿಸ್' ಎಂದರೆ ರಕ್ಷಣೆ. ರಕ್ಷಣೆಗೆ ವಿರುದ್ಧವಾದದ್ದು ಎಂಬರ್ಥದಲ್ಲಿ 1902ರಲ್ಲಿ ಈ ಹೆಸರಿಟ್ಟರು. ರಿಶೆಗೆ 1913ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ದೇಹದೊಳಗೆ ನಡೆಯುವುದೇನು?

ನಮ್ಮ ದೇಹಕ್ಕೆ ಹೊರಗಿನಿಂದ ಬಂದ ವೈರಿಗಳನ್ನು ಗುರುತಿಸಿ ಎದುರಿಸುವ ವ್ಯವಸ್ಥೆಯೊಂದಿದೆ. ಕೆಲವರಲ್ಲಿ ಈ ಕಾವಲುಗಾರ ಅತಿ ಉತ್ಸಾಹಿ. ಸಿಗಡಿ, ಕಡಲೆಕಾಯಿ, ಪೆನಿಸಿಲಿನ್, ಜೇನುಹುಳುವಿನ ವಿಷ ಮುಂತಾದವುಗಳನ್ನೂ ಕಡುವೈರಿಯೆಂದು ತಿಳಿದು, ಅವುಗಳ ವಿರುದ್ಧ 'ಐಜಿಇ' ಎಂಬ ಪ್ರತಿಕಾಯವನ್ನು ತಯಾರಿಸಿಡುತ್ತಾನೆ. ಈ ಪ್ರತಿಕಾಯಗಳು ಚರ್ಮ, ಗಂಟಲು, ಶ್ವಾಸನಾಳ, ಕರುಳು ಮತ್ತು ರಕ್ತನಾಳಗಳ ಸುತ್ತಮುತ್ತ ಇರುವ 'ಮಾಸ್ಟ್' ಕೋಶಗಳಿಗೆ ಅಂಟಿಕೊಂಡು ಕಾಯುತ್ತಿರುತ್ತವೆ. ಇಷ್ಟೆಲ್ಲ ಸಿದ್ಧತೆ ನಡೆದರೂ ಹೊರಗೆ ಯಾವ ಸೂಚನೆಯೂ ಕಾಣುವುದಿಲ್ಲ. ಮುಂದೊಮ್ಮೆ ಅದೇ ವಸ್ತು ದೇಹ ಸೇರಿದಾಗ ಮಾಸ್ಟ್ ಕೋಶಗಳು ಒಮ್ಮೆಲೇ ಒಡೆದ ಪಟಾಕಿಯಂತೆ ತಮ್ಮಲ್ಲಿರುವ ಹಿಸ್ಟಮಿನ್ ಮೊದಲಾದ ರಾಸಾಯನಿಕಗಳನ್ನು ಹೊರಚೆಲ್ಲುತ್ತವೆ.

ಈ ರಾಸಾಯನಿಕಗಳಿಂದ ಚರ್ಮದಲ್ಲಿ ದದ್ದು, ಗಂಟಲಿನಲ್ಲಿ ಊತ, ಶ್ವಾಸನಾಳಗಳಲ್ಲಿ ಬಿಗಿತ ಕಾಣಿಸಿಕೊಳ್ಳುತ್ತವೆ. ಎಲ್ಲಕ್ಕಿಂತ ಅಪಾಯವೆಂದರೆ ರಕ್ತನಾಳಗಳು ಸಡಿಲಗೊಂಡು ಸೋರತೊಡಗುತ್ತವೆ. ತೀವ್ರ ಪ್ರಕರಣಗಳಲ್ಲಿ ಹತ್ತು ನಿಮಿಷಗಳೊಳಗೆ ರಕ್ತನಾಳಗಳಲ್ಲಿರುವ ದ್ರವದ ಮೂರನೇ ಒಂದು ಭಾಗದಷ್ಟು ಹೊರಗೆ ಹೋಗಬಹುದು. ಒಂದು ಹನಿ ರಕ್ತವೂ ನೆಲಕ್ಕೆ ಬೀಳದಿದ್ದರೂ, ಭಾರೀ ರಕ್ತಸ್ರಾವವಾದವನ ಸ್ಥಿತಿ ರೋಗಿಯದಾಗುತ್ತದೆ.

'ಈ ಇಂಜೆಕ್ಷನ್ ಹಿಂದೆ ನಾಲ್ಕು ಸಲ ತಗೊಂಡಿದ್ದೀನಿ ಡಾಕ್ಟ್ರೇ, ಏನೂ ಆಗಿಲ್ಲ' ಎಂದು ಹಲವರು ಧೈರ್ಯ ಹೇಳುತ್ತಾರೆ. ಮೇಲಿನ ವಿವರಣೆ ಓದಿದ ನಿಮಗೆ ಆ ಮಾತಿನ ಬೆಲೆ ಎಷ್ಟೆಂದು ಗೊತ್ತಾಗಿರಬಹುದು. ಐದನೆಯ ಸಲ ಆಗಬಾರದೆಂದಿಲ್ಲ. ಇನ್ನು ಕೆಲವು ನೋವಿನ ಔಷಧಗಳು ಮತ್ತು ಸ್ಕ್ಯಾನಿಂಗ್ ವೇಳೆ ರಕ್ತನಾಳಕ್ಕೆ ಕೊಡುವ ಬಣ್ಣದ ಔಷಧಗಳು ಐಜಿಇಯ ನೆರವಿಲ್ಲದೆ, ಮೊದಲ ಸಲವೇ ಮಾಸ್ಟ್ ಕೋಶಗಳನ್ನು ಕೆರಳಿಸಬಲ್ಲವು.

ಯಾವುದರಿಂದ ಬರುತ್ತದೆ?

ಮುಖ್ಯವಾಗಿ ಮೂರು ದಾರಿಗಳು: ಆಹಾರ, ಔಷಧ, ಹುಳುವಿನ ಕಡಿತ. ಆಹಾರದಲ್ಲಿ ಸಿಗಡಿ, ಏಡಿ, ಮೀನು, ಮೊಟ್ಟೆ, ಹಾಲು, ಗೋಧಿ, ಕಡಲೆಕಾಯಿ, ಗೋಡಂಬಿ, ಎಳ್ಳು ಹೆಸರಾದವು. ಚಿಕ್ಕ ಮಕ್ಕಳಲ್ಲಿ ಹಾಲು, ಮೊಟ್ಟೆ ಹೆಚ್ಚು. ಹೋಟೆಲಿನ ಗ್ರೇವಿಯಲ್ಲಿ ಅರೆದು ಹಾಕಿದ ಗೋಡಂಬಿ, ಚಟ್ನಿಯಲ್ಲಿ ಸೇರಿದ ಕಡಲೆಕಾಯಿ ಕಣ್ಣಿಗೆ ಕಾಣುವುದಿಲ್ಲ ಎಂಬುದನ್ನು ಗಮನದಲ್ಲಿಡಿ. ಒಂದು ವಿಚಿತ್ರವನ್ನೂ ಹೇಳಬೇಕು. ಗೋಧಿಯ ಅಲರ್ಜಿ ಇರುವ ಕೆಲವರು ಚಪಾತಿ ತಿಂದು ಸುಮ್ಮನೆ ಕೂತರೆ ಏನೂ ಆಗುವುದಿಲ್ಲ. ತಿಂದು ಒಂದೆರಡು ಗಂಟೆಯೊಳಗೆ ಓಡಿದರೆ ಅಥವಾ ಕಷ್ಟದ ಕೆಲಸ ಮಾಡಿದರೆ ಮೈಯೆಲ್ಲ ದದ್ದೆದ್ದು ಬಿದ್ದುಹೋಗುತ್ತಾರೆ.

ಔಷಧಗಳಲ್ಲಿ ಪೆನಿಸಿಲಿನ್ ಮತ್ತು ಅದರ ಬಳಗದ ಆಂಟಿಬಯೋಟಿಕ್‌ಗಳು, ಡೈಕ್ಲೋಫೆನಾಕ್‌ನಂಥ ನೋವಿನ ಔಷಧಗಳು ಮುಂಚೂಣಿಯಲ್ಲಿವೆ. ಮಾತ್ರೆಗಿಂತ ಇಂಜೆಕ್ಷನ್ನಿನಿಂದ ಆಗುವ ಪ್ರತಿಕ್ರಿಯೆ ಬೇಗ ಮತ್ತು ಜೋರು. ಸಾಧಾರಣ ಜ್ವರಕ್ಕೂ 'ಒಂದು ಸೂಜಿ ಹಾಕಿಬಿಡಿ' ಎಂದು ಒತ್ತಾಯಿಸುವವರು ಇದನ್ನು ಯೋಚಿಸಬೇಕು. ಔಷಧಿ ಅಂಗಡಿಯ ಹಿಂಬದಿಯಲ್ಲಿ ಇಂಜೆಕ್ಷನ್ ಹಾಕಿಸಿಕೊಳ್ಳುವುದಂತೂ ಬೇಡವೇ ಬೇಡ. ಎಡವಟ್ಟಾದರೆ ಅಲ್ಲಿ ನೋಡುವವರಾರು?

ಹಾವು ಕಚ್ಚಿದಾಗ ಕೊಡುವ ಪ್ರತಿವಿಷವನ್ನು ನಮ್ಮ ದೇಶದಲ್ಲಿ ಕುದುರೆಯ ರಕ್ತದಿಂದ ತಯಾರಿಸುತ್ತಾರೆ. ಅದರಿಂದಲೂ ಇಂಥ ಪ್ರತಿಕ್ರಿಯೆ ಆಗುವುದುಂಟು. ಹಾಗೆಂದು ಅದನ್ನು ಬೇಡವೆನ್ನಬಾರದು. ವೈದ್ಯರು ಅಡ್ರಿನಲಿನ್ ಕೈಯಳತೆಯಲ್ಲಿಟ್ಟುಕೊಂಡೇ ಪ್ರತಿವಿಷ ಕೊಡುತ್ತಾರೆ. ಲಸಿಕೆಗಳಿಂದ ಅನಾಫೈಲಾಕ್ಸಿಸ್ ಆಗುವುದು ಬಹಳ ಅಪರೂಪ, ಹತ್ತು ಲಕ್ಷ ಡೋಸಿಗೆ ಸುಮಾರು ಒಂದು. 2021ರಲ್ಲಿ ಕೋವಿಡ್ ಲಸಿಕೆ ಹಾಕಿದ ಮೇಲೆ ನಿಮ್ಮನ್ನು ಅರ್ಧ ಗಂಟೆ ಕುರ್ಚಿಯಲ್ಲಿ ಕೂರಿಸಿದ್ದರಲ್ಲ, ಅದು ಈ ಒಬ್ಬರಿಗಾಗಿ.

ಹುಳುಗಳಲ್ಲಿ ಜೇನು ಮತ್ತು ಕಣಜ ಮುಖ್ಯ. ಹೆಜ್ಜೇನು ಎದ್ದು ನೂರಾರು ಹುಳುಗಳು ಕಚ್ಚಿದರೆ ಅಲರ್ಜಿ ಇಲ್ಲದವರಿಗೂ ವಿಷದ ಪ್ರಮಾಣದಿಂದಲೇ ಅಪಾಯ. ಅಂಥವರನ್ನು ಹೇಗಿದ್ದರೂ ಆಸ್ಪತ್ರೆಗೆ ಸೇರಿಸಬೇಕು. ಆದರೆ ಅಲರ್ಜಿ ಇರುವವರಿಗೆ ಒಂದೇ ಹುಳು ಸಾಕು. ಕಚ್ಚಿದ ಜಾಗ ಮಾತ್ರ ಕೈಯಗಲ ಊದಿಕೊಂಡರೆ ಅದು ಅನಾಫೈಲಾಕ್ಸಿಸ್ ಅಲ್ಲ. ಕಾಲಿಗೆ ಕಚ್ಚಿ ಮುಖ ಊದಿದರೆ, ಗಂಟಲು ಬಿಗಿದರೆ, ತಲೆ ಸುತ್ತಿದರೆ ಅದು ಬೇರೆ ಮಾತು. ಜೇನುಹುಳು ತನ್ನ ಮುಳ್ಳನ್ನು ಚರ್ಮದಲ್ಲೇ ಬಿಟ್ಟುಹೋಗುತ್ತದೆ. ಅದಕ್ಕೆ ಅಂಟಿರುವ ಚೀಲದಿಂದ ವಿಷ ಇಳಿಯುತ್ತಲೇ ಇರುತ್ತದೆ. ಉಗುರಿನಿಂದ ಕೆರೆದೋ ಚಿವುಟಿಯೋ ತಕ್ಷಣ ತೆಗೆಯಿರಿ. ಹೇಗೆ ತೆಗೆದಿರಿ ಎನ್ನುವುದಕ್ಕಿಂತ ಎಷ್ಟು ಬೇಗ ತೆಗೆದಿರಿ ಎನ್ನುವುದು ಮುಖ್ಯ. ಸುಣ್ಣ ಹುಡುಕುತ್ತ ಕೂರಬೇಡಿ.

ಗುರುತಿಸುವುದು ಹೇಗೆ?

ರೋಗ ನಿರ್ಣಯಕ್ಕೆ ಆ ಹೊತ್ತಿನಲ್ಲಿ ಯಾವ ಪರೀಕ್ಷೆಯೂ ಬೇಕಿಲ್ಲ, ಕಾಯಲು ವೇಳೆಯೂ ಇರುವುದಿಲ್ಲ. ಏನನ್ನಾದರೂ ತಿಂದ, ಚುಚ್ಚಿಸಿಕೊಂಡ ಅಥವಾ ಕಚ್ಚಿಸಿಕೊಂಡ ಕೆಲವು ನಿಮಿಷಗಳಿಂದ ಒಂದೆರಡು ಗಂಟೆಯೊಳಗೆ ಮೈಮೇಲೆ ಪಿತ್ತದ ಗಂಧೆಯಂಥ ದದ್ದು, ತುರಿಕೆ, ತುಟಿ-ಕಣ್ಣಿನ ಊತ ಕಾಣಿಸಿಕೊಂಡು, ಅದರ ಜೊತೆಗೆ ಉಸಿರಾಟದ ತೊಂದರೆಯೋ, ತಲೆಸುತ್ತು, ನಿಶ್ಶಕ್ತಿಯೋ, ಬಿಡದ ವಾಂತಿ, ಹೊಟ್ಟೆನೋವೋ ಸೇರಿಕೊಂಡರೆ ಅದು ಅನಾಫೈಲಾಕ್ಸಿಸ್ ಎಂದೇ ತಿಳಿಯಬೇಕು. ಧ್ವನಿ ಬದಲಾಗುವುದು, ನುಂಗಲು ಕಷ್ಟವಾಗುವುದು, ಉಸಿರೆಳೆಯುವಾಗ ಗೊರಗೊರ ಸದ್ದು, ಇವು ಗಂಟಲು ಮುಚ್ಚಿಕೊಳ್ಳುತ್ತಿರುವ ಸೂಚನೆಗಳು. 'ಏನೋ ಆಗ್ತಾ ಇದೆ, ನಾನು ಉಳಿಯಲ್ಲ' ಎಂಬ ವಿವರಿಸಲಾಗದ ಭಯವೂ ಒಂದು ಲಕ್ಷಣವೇ. ಅದನ್ನು ಗಾಬರಿಯೆಂದು ತಳ್ಳಿಹಾಕಬೇಡಿ. ಮಾತು ಬಾರದ ಕೂಸು ಇದ್ದಕ್ಕಿದ್ದಂತೆ ಮಂಕಾಗಿ ಜೋತುಬಿದ್ದರೆ, ಅಳುವಿನ ದನಿ ಒಡೆದರೆ, ಮೇಲಿಂದ ಮೇಲೆ ವಾಂತಿ ಮಾಡಿದರೆ ಎಚ್ಚರ.

ಮೋಸ ಮಾಡುವುದು ಎಲ್ಲಿ ಗೊತ್ತೇ? ನೂರರಲ್ಲಿ ಹತ್ತರಿಂದ ಇಪ್ಪತ್ತು ರೋಗಿಗಳಲ್ಲಿ ಚರ್ಮದ ಮೇಲೆ ಏನೂ ಕಾಣುವುದಿಲ್ಲ. ತೋಟದಲ್ಲಿ ಕಣಜ ಕಚ್ಚಿದ ನಲವತ್ತೈದರ ರೈತರೊಬ್ಬರನ್ನು ನನ್ನ ಬಳಿ ಕರೆತಂದಿದ್ದರು. ಮೈಮೇಲೆ ಒಂದು ದದ್ದೂ ಇರಲಿಲ್ಲ. 'ಎರಡು ಸಲ ವಾಂತಿ ಮಾಡಿದ್ರು, ಕಣ್ಣು ಕತ್ತಲೆ ಬಂತು ಅಂದ್ರು, ಬಿಸಿಲಿಗೆ ಇರ್ಬೇಕು' ಎಂದರು ಅವರ ಹೆಂಡತಿ. ಮುಟ್ಟಿದರೆ ಮೈ ತಣ್ಣಗೆ, ನಾಡಿ ದಾರದ ಎಳೆಯಂತೆ, ಮೇಲಿನ ರಕ್ತದೊತ್ತಡ 70. ತೊಡೆಗೆ ಕೊಟ್ಟ ಅಡ್ರಿನಲಿನ್ ಐದಾರು ನಿಮಿಷದಲ್ಲಿ ಅವರಿಗೆ ಮಾತು ಬರಿಸಿತು. ಯಾವ ವಸ್ತು ತನಗೆ ಆಗುವುದಿಲ್ಲವೆಂದು ಮೊದಲೇ ಗೊತ್ತಿರುವವನು ಅದೇ ದೇಹ ಸೇರಿದ ಮೇಲೆ ಉಸಿರಿಗೆ ತಡಕಾಡಿದರೆ ಅಥವಾ ಕುಸಿದರೆ, ದದ್ದು ಏಳಲಿ ಎಂದು ಕಾಯಬಾರದು.

ಇಂಜೆಕ್ಷನ್ ಭಯಕ್ಕೆ ತಲೆಸುತ್ತಿ ಬೀಳುವುದು ಇದಲ್ಲ. ಅಂಥವರು ಬಿಳಿಚಿಕೊಂಡು ಬೆವರುತ್ತಾರೆ, ನಾಡಿ ಸಾಮಾನ್ಯವಾಗಿ ನಿಧಾನವಾಗಿರುತ್ತದೆ, ಮಲಗಿಸಿದ ಒಂದೆರಡು ನಿಮಿಷದಲ್ಲಿ ಚೇತರಿಸಿಕೊಳ್ಳುತ್ತಾರೆ. ತುರಿಕೆ, ಊತ, ಉಬ್ಬಸ ಇರುವುದಿಲ್ಲ.

ಎಷ್ಟು ವೇಳೆ ಇದೆ? ಬ್ರಿಟನ್ನಿನಲ್ಲಿ ಅನಾಫೈಲಾಕ್ಸಿಸ್‌ನಿಂದ ಸತ್ತವರ ವಿವರಗಳನ್ನು ಕಲೆಹಾಕಿದ ಪಂಫ್ರಿ ಎಂಬ ವೈದ್ಯರು 2000ದಲ್ಲಿ ಪ್ರಕಟಿಸಿದ ಲೆಕ್ಕ ಹೀಗಿದೆ: ಉಸಿರು ಅಥವಾ ಹೃದಯ ನಿಲ್ಲಲು ಆಹಾರದಿಂದಾದರೆ ಸುಮಾರು 30 ನಿಮಿಷ, ಹುಳು ಕಡಿತದಿಂದಾದರೆ 15 ನಿಮಿಷ, ಆಸ್ಪತ್ರೆಯಲ್ಲಿ ಕೊಟ್ಟ ಔಷಧದಿಂದಾದರೆ ಬರೀ 5 ನಿಮಿಷ. ಬಸ್ಸಿಗೆ ಕಾಯುವ ಕಾಯಿಲೆ ಇದಲ್ಲ.

ಮೊದಲ ಔಷಧ ಯಾವುದು?

ಅಡ್ರಿನಲಿನ್. ಇದು ನಮ್ಮ ಮೂತ್ರಪಿಂಡಗಳ ಮೇಲೆ ಟೊಪ್ಪಿಗೆಯಂತೆ ಕುಳಿತಿರುವ ಗ್ರಂಥಿಗಳು ಸ್ರವಿಸುವ ವಸ್ತುವೇ. ಸಡಿಲಗೊಂಡ ರಕ್ತನಾಳವನ್ನು ಬಿಗಿ ಮಾಡುತ್ತದೆ, ಗಂಟಲಿನ ಊತ ಇಳಿಸುತ್ತದೆ, ಬಿಗಿದ ಶ್ವಾಸನಾಳವನ್ನು ತೆರೆಯುತ್ತದೆ, ಹೃದಯಕ್ಕೆ ಕಸುವು ಕೊಡುತ್ತದೆ, ಮಾಸ್ಟ್ ಕೋಶಗಳು ಇನ್ನಷ್ಟು ಒಡೆಯದಂತೆ ತಡೆಯುತ್ತದೆ. ಇಷ್ಟೂ ಕೆಲಸವನ್ನು ಮಾಡುವ ಇನ್ನೊಂದು ಔಷಧ ನಮ್ಮಲ್ಲಿಲ್ಲ. ದುಬಾರಿಯೂ ಅಲ್ಲ.

ದುರದೃಷ್ಟವೆಂದರೆ, ಅಲರ್ಜಿ ಎಂದೊಡನೆ ನಮ್ಮ ಕೈ ಅಭ್ಯಾಸಬಲದಿಂದ ಹೋಗುವುದು ಅವಿಲ್ ಮತ್ತು ಸ್ಟೀರಾಯ್ಡ್ ಕಡೆಗೆ. ಅವಿಲ್ ಬಗೆಯ ಔಷಧಗಳು ತುರಿಕೆ, ದದ್ದುಗಳನ್ನು ನಿಧಾನವಾಗಿ ಕಡಿಮೆ ಮಾಡುತ್ತವೆ. ಮುಚ್ಚುತ್ತಿರುವ ಗಂಟಲನ್ನು ತೆರೆಯುವ, ಇಳಿದ ರಕ್ತದೊತ್ತಡವನ್ನು ಏರಿಸುವ ಶಕ್ತಿ ಅವಕ್ಕಿಲ್ಲ. ಸ್ಟೀರಾಯ್ಡ್ ಕೆಲಸ ಶುರುಮಾಡಲು ಗಂಟೆಗಳೇ ಬೇಕು. ಇವನ್ನು ಆಮೇಲೆ ಕೊಡಲಿ, ಅಡ್ಡಿಯಿಲ್ಲ. ಅಡ್ರಿನಲಿನ್‌ಗೆ ಬದಲಾಗಿ ಕೊಡುವುದು ತಪ್ಪು. ಮನೆಯಲ್ಲೂ ಅಷ್ಟೇ: ಸೆಟಿರಿಜಿನ್ ಮಾತ್ರೆ ನುಂಗಿಸಿ 'ನೋಡೋಣ' ಎಂದು ಕಾಯುವ ಅರ್ಧ ಗಂಟೆಯೇ ರೋಗಿಯನ್ನು ಕಳೆದುಕೊಳ್ಳುವ ಅರ್ಧ ಗಂಟೆಯಾಗಬಹುದು.

ಕೊಡುವ ಜಾಗವೂ ಮುಖ್ಯ. ತೊಡೆಯ ನಡುಭಾಗದ ಹೊರಮಗ್ಗುಲಿನ ಸ್ನಾಯು ಸರಿಯಾದ ಜಾಗ. ಕೆನಡಾದ ಮಕ್ಕಳ ವೈದ್ಯೆ ಎಸ್ಟೆಲ್ ಸೈಮನ್ಸ್ ಮತ್ತು ಸಂಗಡಿಗರು 1998ರಲ್ಲಿ ಮಕ್ಕಳಲ್ಲಿ ಅಳೆದು ನೋಡಿದರು. ತೊಡೆಯ ಸ್ನಾಯುವಿಗೆ ಕೊಟ್ಟ ಅಡ್ರಿನಲಿನ್ ರಕ್ತದಲ್ಲಿ ಗರಿಷ್ಠ ಮಟ್ಟ ತಲುಪಲು ಸರಾಸರಿ 8 ನಿಮಿಷ, ಚರ್ಮದಡಿಗೆ ಕೊಟ್ಟದ್ದಕ್ಕೆ 34 ನಿಮಿಷ ಹಿಡಿಯಿತು. ವಯಸ್ಕರಿಗೆ ಅರ್ಧ ಮಿಲಿಗ್ರಾಂ, ಅಂದರೆ ಸಾವಿರಕ್ಕೊಂದರ ದ್ರಾವಣದ ಅರ್ಧ ಮಿಲಿಲೀಟರ್. ಮಕ್ಕಳಿಗೆ ತೂಕದ ಪ್ರತಿ ಕಿಲೋಗೆ 0.01 ಮಿಲಿಗ್ರಾಂ. ಸುಧಾರಿಸದಿದ್ದರೆ ಐದು ನಿಮಿಷ ಬಿಟ್ಟು ಮತ್ತೆ ಕೊಡಬಹುದು.

'ವಯಸ್ಸಾದವರು, ಹೃದಯ ತಡೆದೀತೇ?' ಎಂಬ ಅಳುಕು ಕೆಲವು ವೈದ್ಯರಲ್ಲೂ ಇದೆ. ಎದೆ ಡವಗುಟ್ಟುತ್ತದೆ, ಕೈ ನಡುಗುತ್ತದೆ, ಕೆಲವು ನಿಮಿಷಗಳಲ್ಲಿ ನಿಲ್ಲುತ್ತದೆ. ಈ ಪ್ರಮಾಣದಲ್ಲಿ ಸ್ನಾಯುವಿಗೆ ಕೊಡುವುದಕ್ಕಿಂತ ಕೊಡದಿರುವುದೇ ಹೆಚ್ಚು ಅಪಾಯ. ನೇರವಾಗಿ ರಕ್ತನಾಳಕ್ಕೆ ಕೊಡುವುದು ಬೇರೆ ವಿಚಾರ. ಅದು ನುರಿತವರು ಮಾನಿಟರ್ ಇಟ್ಟುಕೊಂಡು ಮಾಡುವ ಕೆಲಸ.

ನೀವು ಮಾಡಬೇಕಾದ್ದು ಇಷ್ಟು. ರೋಗಿಯನ್ನು ಇದ್ದಲ್ಲೇ ಮಲಗಿಸಿ, ಕಾಲುಗಳನ್ನು ದಿಂಬಿನ ಮೇಲಿಟ್ಟು ಎತ್ತರ ಮಾಡಿ. ಉಬ್ಬಸ ಜೋರಿದ್ದರೆ ಕಾಲು ಚಾಚಿ ಒರಗಿ ಕೂರಲಿ. ವಾಂತಿಯಾಗುತ್ತಿದ್ದರೆ, ಬಸುರಿಯಾಗಿದ್ದರೆ ಎಡಮಗ್ಗುಲಿಗೆ ಮಲಗಿಸಿ. ಥಟ್ಟನೆ ಎಬ್ಬಿಸಿ ನಿಲ್ಲಿಸಬೇಡಿ, ನಡೆಸಬೇಡಿ. ರಕ್ತದೊತ್ತಡ ಕುಸಿದವರು ಎದ್ದು ನಿಂತ ಕ್ಷಣದಲ್ಲೇ ಹೃದಯ ನಿಂತು ಸತ್ತದ್ದುಂಟು. ಸ್ಕೂಟರಿನಲ್ಲಿ ಇಬ್ಬರ ನಡುವೆ ಕೂರಿಸಿಕೊಂಡು ಬರುವ ಪದ್ಧತಿ ಇದಕ್ಕೇ ಕೆಟ್ಟದ್ದು. ಸೋಡಾ, ನಿಂಬೆ ಪಾನಕ ಕುಡಿಸಬೇಡಿ. 108ಕ್ಕೆ ಫೋನ್ ಮಾಡಿ, ಅಥವಾ ಕಾರಿನಲ್ಲಿ ಮಲಗಿಸಿಕೊಂಡು ಹತ್ತಿರದ ಆಸ್ಪತ್ರೆಗೆ ಬನ್ನಿ. ದೂರದ ದೊಡ್ಡಾಸ್ಪತ್ರೆಗಿಂತ ಅಡ್ರಿನಲಿನ್ ಇರುವ ಹತ್ತಿರದ ಪ್ರಾಥಮಿಕ ಆರೋಗ್ಯ ಕೇಂದ್ರವೇ ಮೇಲು. 'ಜೇನು ಕಚ್ಚಿದೆ, ಉಸಿರು ಕಟ್ಟುತ್ತಿದೆ, ಅಡ್ರಿನಲಿನ್ ಬೇಕಾಗಬಹುದೇ ಡಾಕ್ಟರೇ?' ಎಂದು ಕೇಳಲು ಸಂಕೋಚ ಬೇಡ. ಕೇಳಿದರೆ ಬೇಸರಪಡುವ ವೈದ್ಯರು ಕಡಿಮೆ.

ಆಸ್ಪತ್ರೆಯಲ್ಲಿ ಆಮ್ಲಜನಕ, ಡ್ರಿಪ್ ಮೂಲಕ ಸಲೈನ್ ಕೊಡುತ್ತಾರೆ. ರಕ್ತದೊತ್ತಡಕ್ಕೆ ಅಟೆನೊಲಾಲ್, ಮೆಟೊಪ್ರೊಲಾಲ್ ಬಗೆಯ ಮಾತ್ರೆ ನುಂಗುತ್ತಿದ್ದರೆ ತಪ್ಪದೆ ಹೇಳಿ. ಅಂಥವರಲ್ಲಿ ಅಡ್ರಿನಲಿನ್ ಸರಿಯಾಗಿ ಕೆಲಸ ಮಾಡದಿರಬಹುದು, ಬೇರೆ ಔಷಧ ಬೇಕಾಗುತ್ತದೆ. ಎಲ್ಲ ಸರಿಹೋಯಿತೆಂದು ಕೂಡಲೇ ಮನೆಗೆ ಹೊರಡುವುದೂ ಸಲ್ಲದು. ಸುಮಾರು ನೂರಕ್ಕೆ ಐದು ಜನರಲ್ಲಿ ಕೆಲವು ಗಂಟೆಗಳ ನಂತರ ಅದೇ ತೊಂದರೆ ಮರುಕಳಿಸುತ್ತದೆ. ತೀವ್ರವಾಗಿದ್ದರೆ, ಆಸ್ತಮಾ ಇದ್ದರೆ, ಊರು ದೂರವಿದ್ದರೆ ಆ ರಾತ್ರಿ ಆಸ್ಪತ್ರೆಯಲ್ಲೇ ಇರಿ.

ಕಾರಣ ಹುಡುಕುವುದು

ಅಪಾಯ ಕಳೆದ ಮೇಲೆ ಹೆಚ್ಚಿನವರು ವಿಷಯ ಮರೆಯುತ್ತಾರೆ. ಹಿಂದಿನ ಎರಡು-ಮೂರು ಗಂಟೆಗಳಲ್ಲಿ ತಿಂದದ್ದು, ಕುಡಿದದ್ದು, ನುಂಗಿದ ಮಾತ್ರೆ, ಮಾಡಿದ ಕೆಲಸ ಎಲ್ಲವನ್ನೂ ಅಂದೇ ಒಂದು ಚೀಟಿಯಲ್ಲಿ ಬರೆದಿಡಿ. ಈ ಚೀಟಿ ಎಷ್ಟೋ ದುಬಾರಿ ಪರೀಕ್ಷೆಗಳಿಗಿಂತ ಉಪಯುಕ್ತ. ಅನಾಫೈಲಾಕ್ಸಿಸ್ ಹೌದೋ ಅಲ್ಲವೋ ಎಂಬ ಅನುಮಾನ ಉಳಿದರೆ, ಘಟನೆಯಾದ ಕೆಲವೇ ಗಂಟೆಗಳೊಳಗೆ ತೆಗೆದ ರಕ್ತದಲ್ಲಿ 'ಟ್ರಿಪ್ಟೇಸ್' ಪ್ರಮಾಣ ನೋಡಿ, ಒಂದೆರಡು ದಿನ ಬಿಟ್ಟು ತೆಗೆದ ರಕ್ತದೊಡನೆ ಹೋಲಿಸುತ್ತಾರೆ. ಚರ್ಮದ ಮೇಲೆ ಚುಚ್ಚಿ ನೋಡುವ ಪರೀಕ್ಷೆಗೆ ನಾಲ್ಕರಿಂದ ಆರು ವಾರ ಬಿಟ್ಟು ಅಲರ್ಜಿ ತಜ್ಞರ ಬಳಿ ಹೋಗಿ.

ಒಂದೇ ಸಲಕ್ಕೆ ನೂರಾರು ಆಹಾರಗಳನ್ನು ಪರೀಕ್ಷಿಸಿ ಕೊಡುವ ರಕ್ತ ಪರೀಕ್ಷೆಯ ಜಾಹೀರಾತುಗಳಿಗೆ ಮರುಳಾಗಬೇಡಿ. ರಕ್ತದಲ್ಲಿ ಐಜಿಇ ಕಂಡ ಮಾತ್ರಕ್ಕೆ ಆ ಆಹಾರ ನಿಮಗೆ ಆಗುವುದಿಲ್ಲವೆಂದು ಅರ್ಥವಲ್ಲ. ಹೀಗೆ ಹಾಲು, ಗೋಧಿ, ಬೇಳೆ ಎಲ್ಲವನ್ನೂ ಬಿಡಿಸಿ ಮಕ್ಕಳನ್ನು ಸೊರಗಿಸಿದ ತಾಯಂದಿರನ್ನು ಕಂಡಿದ್ದೇನೆ. ಪೆನಿಸಿಲಿನ್ ವಿಚಾರವೂ ಹೀಗೆಯೇ. ಎಂದೋ ಬಾಲ್ಯದಲ್ಲಿ ಎದ್ದ ದದ್ದಿನ ನೆಪದಲ್ಲಿ 'ಪೆನಿಸಿಲಿನ್ ಆಗದು' ಎಂಬ ಹಣೆಪಟ್ಟಿ ಹೊತ್ತವರನ್ನು ಸರಿಯಾಗಿ ಪರೀಕ್ಷಿಸಿದಾಗ, ಹತ್ತರಲ್ಲಿ ಒಂಬತ್ತು ಜನರಿಗೆ ಅಲರ್ಜಿ ಇಲ್ಲವೆಂದು ತಿಳಿದುಬಂದಿದೆ. ಆದರೆ ಇದನ್ನು ತಜ್ಞರು ಆಸ್ಪತ್ರೆಯಲ್ಲಿ ನಿರ್ಧರಿಸಬೇಕು, ನೀವು ಮಾತ್ರೆ ನುಂಗಿ ನೋಡುವುದಲ್ಲ.

ಕಾರಣ ಖಚಿತವಾದ ಮೇಲೆ ಆ ವಸ್ತುವಿನ ಹೆಸರನ್ನು ಒಂದು ಕಾರ್ಡಿನಲ್ಲಿ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಮಗುವಾಗಿದ್ದರೆ ಶಾಲೆಯ ಮೇಷ್ಟ್ರಿಗೂ, ಮದುವೆ ಮನೆಯಲ್ಲಿ ಬಡಿಸುವವರಿಗೂ ಹೇಳಿ. ಒಮ್ಮೆ ಅನಾಫೈಲಾಕ್ಸಿಸ್ ಆದವರು, ಅದರಲ್ಲೂ ಮಲೆನಾಡಿನ ಒಂಟಿಮನೆ, ಕಾಫಿ ತೋಟದಂಥ ದೂರದ ಜಾಗಗಳಲ್ಲಿರುವವರು ಅಡ್ರಿನಲಿನ್ ಮನೆಯಲ್ಲಿಟ್ಟುಕೊಳ್ಳುವ ಬಗ್ಗೆ ವೈದ್ಯರನ್ನು ಕೇಳಬೇಕು. ತೊಡೆಗೆ ಒತ್ತಿದರೆ ತಾನೇ ಚುಚ್ಚಿಕೊಳ್ಳುವ ಪೆನ್ನಿನಂಥ ಸಾಧನ ಪಾಶ್ಚಾತ್ಯ ದೇಶಗಳಲ್ಲಿ ಸಾಮಾನ್ಯ; 2024ರಲ್ಲಿ ಅಮೆರಿಕದಲ್ಲಿ ಮೂಗಿಗೆ ಸಿಂಪಡಿಸುವ ಅಡ್ರಿನಲಿನ್‌ಗೂ ಅನುಮತಿ ಸಿಕ್ಕಿದೆ. ನಮ್ಮೂರ ಔಷಧಿ ಅಂಗಡಿಗಳಲ್ಲಿ ಇವು ಸುಲಭವಾಗಿ ಸಿಗುವುದಿಲ್ಲವಾದ್ದರಿಂದ ಆಂಪೂಲ್ ಮತ್ತು ಒಂದು ಮಿಲಿಲೀಟರಿನ ಸಿರಿಂಜೇ ಗತಿ. ನಿಮಗೆಷ್ಟು ಬೇಕೆಂಬುದನ್ನು ವೈದ್ಯರಿಂದಲೇ ಸಿರಿಂಜಿನ ಮೇಲೆ ಗುರುತು ಹಾಕಿಸಿಕೊಳ್ಳಿ. ಮನೆಯ ಇಬ್ಬರಾದರೂ ಆಂಪೂಲ್ ಒಡೆದು ಎಳೆದುಕೊಳ್ಳುವುದನ್ನು ಅವರೆದುರೇ ಮಾಡಿ ಕಲಿಯಲಿ. ಚುಚ್ಚಿದ ಮೇಲೂ ಆಸ್ಪತ್ರೆಗೆ ಹೋಗಲೇಬೇಕು. ಆಂಪೂಲನ್ನು ಫ್ರಿಜ್ಜಿನಲ್ಲಿಡುವುದು ಬೇಡ. ಬಿಸಿಲು, ಬೆಳಕು ತಾಗದ ಡಬ್ಬಿಯಲ್ಲಿಟ್ಟು, ಡಬ್ಬಿ ಎಲ್ಲಿದೆಯೆಂದು ಮನೆಯವರಿಗೆಲ್ಲ ತೋರಿಸಿಡಿ. ಔಷಧ ಕಂದು ಅಥವಾ ಗುಲಾಬಿ ಬಣ್ಣಕ್ಕೆ ತಿರುಗಿದ್ದರೆ, ಇಲ್ಲವೇ ಅವಧಿ ಮುಗಿಯುತ್ತ ಬಂದಿದ್ದರೆ ಹೊಸದನ್ನು ತಂದಿಟ್ಟುಕೊಳ್ಳಿ.